ಎರಡನೇ ದಿನಕ್ಕೇ ಐಜಿಎಂ ಯಾಕ್ರೀ?

ಪುರಸೈವಾಕ್ಕಂಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ನವೆಂಬರ್ ಮಳೆ ಹಿಡಿದರೆ ಇಲ್ಲಿ ಎಲ್ಲರ ಬಾಯಲ್ಲೂ ಡೆಂಗ್ಯೂ ಮಾತೇ. ಹೋದ ಸಲ ನನ್ನವಳಿಗೇ ಜ್ವರ. ಎರಡನೇ ದಿನ ಬೀದಿ ಕೊನೆಯ ಲ್ಯಾಬಿನವರು ಬರೀ ಪ್ರತಿಕಾಯದ ಕಾರ್ಡ್ ಟೆಸ್ಟ್ ಮಾಡಿ, "ಐಜಿಎಂ ನೆಗೆಟಿವ್, ಡೆಂಗ್ಯೂ ಇಲ್ಲ ಸಾರ್" ಅಂದರು. ನಂಬಿದೆವು. ಆರನೇ ದಿನ ಪ್ಲೇಟ್‌ಲೆಟ್ ಕುಸಿದು ಆಸ್ಪತ್ರೆ ಸೇರಿಸಬೇಕಾಯ್ತು. ಅಲ್ಲಿ ಎಲೈಸಾದಲ್ಲಿ ಐಜಿಎಂ ಪಾಸಿಟಿವ್!

ನಾನು ಬಿಕಾಂ, ಡಾಕ್ಟರಲ್ಲ. ಆದರೂ ಲೆಕ್ಕ ಸರಳ. ಮೊದಲ ದಿನಗಳಲ್ಲಿ ಹುಡುಕಬೇಕಾದ್ದು ವೈರಸ್ಸಿನದೇ ಪ್ರೋಟೀನು, ಎನ್‌ಎಸ್1. ಐಜಿಎಂ ರಕ್ತದಲ್ಲಿ ಸರಿಯಾಗಿ ಕಾಣೋದು ಸುಮಾರು ಐದನೇ ದಿನದ ಮೇಲೆ. (ಬರೀ ಐಜಿಜಿ ಇದ್ದರೆ ಅದು ಹಳೇ ಡೆಂಗ್ಯೂ ಗುರುತೂ ಆಗಿರಬಹುದು.) ಒಂದನೇ ತಾರೀಖು ಬರೋ ಸಂಬಳವನ್ನ ಇಪ್ಪತ್ತೈದಕ್ಕೇ ಪಾಸ್‌ಬುಕ್ಕಲ್ಲಿ ಹುಡುಕಿ "ಈತನಿಗೆ ಕೆಲಸವೇ ಇಲ್ಲ" ಅಂದ ಹಾಗಾಯ್ತು!

ಖಚಿತಪಡಿಸೋಕೆ ಎಲೈಸಾನೇ ಬೇಕು ಅನ್ನುತ್ತೆ ಕೇಂದ್ರದ ಮಾರ್ಗಸೂಚಿ. ನಮ್ಮ ಕರ್ನಾಟಕ 2024ರ ಜುಲೈನಲ್ಲಿ ಎಲೈಸಾಗೆ ತಲಾ 300, ಕಾರ್ಡಿಗೆ 250 ರೂಪಾಯಿ ಅಂತ ದರ ಕಟ್ಟಿತು. ಒಳ್ಳೇದೇ. ಆದರೆ ದರ ಕಟ್ಟಿದರೆ ಸಾಲದು ಸ್ವಾಮಿ, ರಿಪೋರ್ಟಿನ ಮೇಲೆ ಜ್ವರದ ಎಷ್ಟನೇ ದಿನ ಅಂತ ಬರೆಯೋದನ್ನ ಎಲ್ಲ ಕಡೆ ಕಡ್ಡಾಯ ಮಾಡಿ. ಆ ಲ್ಯಾಬಿನವರು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಶಾ, ಜಿಪೇನಾ?"