ಬ್ರೇಕ್ ಮಿಡಿದರೆ ಪ್ಯಾಡ್ ಬದಲಿಸಿದರೆ ಸಾಕೇ?

ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಬಡಿದಂತಾಗುತ್ತದೆಯೇ? ಬೈಕ್ ಒಂದೇ ಸಮನೆ ನಿಲ್ಲದೆ ತಡೆತಡೆದು ನಿಲ್ಲುತ್ತದೆಯೇ? ಇದಕ್ಕೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡೇ: 'ಬ್ರೇಕ್ ಹಿಡಿಯುತ್ತದಲ್ಲ' ಎಂದು ಓಡಿಸುವುದು, ಇಲ್ಲವೇ ಹೊಸ ಪ್ಯಾಡ್ ಹಾಕಿಸುವುದು. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಥಮ ಪಿಯುಸಿಯಲ್ಲಿ ಪಾಸ್ಕಲನ ನಿಯಮ ಓದುತ್ತೇವೆ. ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ಆ ಒತ್ತಡವನ್ನು ಪ್ಯಾಡಿಗೆ ತಲುಪಿಸುತ್ತದೆ. ಡಿಸ್ಕಿನ ದಪ್ಪ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಚಕ್ರದ ಪ್ರತಿ ಸುತ್ತಿಗೂ ಪ್ಯಾಡ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಅದೇ ಆಯಿಲ್ ಆ ತಳ್ಳುವಿಕೆಯನ್ನು ನಮ್ಮ ಬೆರಳಿಗೆ ಮರಳಿಸುತ್ತದೆ. ಡ್ರಮ್ ಬ್ರೇಕಿನಲ್ಲಿ ಡ್ರಮ್ಮಿನ ದುಂಡಗಿನ ಆಕಾರ ಕೆಟ್ಟರೂ ಹೀಗೆಯೇ. ದೋಷ ಡಿಸ್ಕಿನಲ್ಲಿರುವಾಗ ಪ್ಯಾಡ್ ಮಾತ್ರ ಬದಲಿಸಿದರೆ ಹಣ ಹೋಗುತ್ತದೆ, ಮಿಡಿತ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಕಡಿಮೆ ಖರ್ಚಿನದ್ದನ್ನು ನೋಡಿಸಬೇಕು. ಡಿಸ್ಕಿನ ಬೋಲ್ಟ್ ಸಡಿಲವಾಗಿದೆಯೇ? ಚಕ್ರದ ಬೇರಿಂಗ್ ಸವೆದಿದೆಯೇ? ಕ್ಯಾಲಿಪರ್ ಪಿನ್ ಕೆಸರು, ತುಕ್ಕಿನಿಂದ ಬಿಗಿದಿದೆಯೇ? ಡಿಸ್ಕ್ ಮೇಲೆ ತುಕ್ಕು ಅಥವಾ ಪ್ಯಾಡಿನ ಪದಾರ್ಥ ಅಂಟಿದೆಯೇ? ಅಂಟಿದ್ದರೆ ಶುಚಿ ಮಾಡಿದರೆ ಸಾಕಾಗಬಹುದು. ಆಮೇಲೆ ಡಯಲ್ ಗೇಜ್ ಇಟ್ಟು ಡಿಸ್ಕಿನ ಓಲಾಟ ಅಳೆಯಬೇಕು. ಅನೇಕ ಬೈಕ್‌ಗಳಿಗೆ ಇದರ ಮಿತಿ ಸುಮಾರು 0.3 ಮಿ.ಮೀ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಮಿತಿ ಮೀರಿದ್ದರೆ ಡಿಸ್ಕ್ ಬದಲಿಸುವುದೇ ದಾರಿ.

ಎಬಿಎಸ್ ಇರುವ ಬೈಕಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಲಿವರ್ ಅದುರುವುದು ಸಹಜ. ಮೆಲ್ಲಗೆ ಹಿಡಿದಾಗಲೂ ಮಿಡಿದರೆ ಮಾತ್ರ ಅದು ದೋಷ.

ಒಣ ರಸ್ತೆಯಲ್ಲಿ ಇದು ಬರೀ ಕಿರಿಕಿರಿ ಎನಿಸಬಹುದು. ಮಳೆಗಾಲದಲ್ಲಿ ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕಿನ ಬಲ ಹೀಗೆ ಏರಿಳಿದರೆ ಚಕ್ರ ಜಾರಬಹುದು. ಹಿಂದೆ ತಂಗಿಯೋ ತಾಯಿಯೋ ಕುಳಿತಿರುತ್ತಾರೆ.

18 ತುಂಬದವರಿಗೆ ಗೇರಿನ ಬೈಕ್ ಓಡಿಸುವ ಲೈಸೆನ್ಸೇ ಸಿಗುವುದಿಲ್ಲ, ಅವರು ಓಡಿಸಬಾರದು. ಆದರೆ ಮನೆಯ ಬೈಕ್ ಮಿಡಿಯುತ್ತಿದೆಯೇ ಎಂದು ದೊಡ್ಡವರನ್ನು ಕೇಳಬಹುದು. ಮಳೆಗಾಲಕ್ಕೆ ಮೊದಲು ಒಂದು ದಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಉಪನ್ಯಾಸಕರ, ಸಿಬ್ಬಂದಿಯ ಬೈಕ್‌ಗಳ ಬ್ರೇಕ್ ನೋಡಿಸಿದರೆ ನಮಗೂ ಭೌತಶಾಸ್ತ್ರದ ಒಂದು ಒಳ್ಳೆಯ ಪಾಠವಾದೀತು. ಗ್ಯಾರೇಜಿನಲ್ಲಿ 'ಎಷ್ಟಾಗುತ್ತದೆ?' ಎಂದು ಕೇಳುವ ಮೊದಲು 'ಯಾಕಾಯಿತು?' ಎಂದು ಕೇಳೋಣ.