ಒಂದೇ ದಾರಿಯಿದ್ದರೆ ಅದು ಜಾಲವೇ?

ಮಕ್ಕಳೇ, ಒಂದು ಕಾಗದದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರು ಚುಕ್ಕೆಗಳನ್ನು ಇಡಿ. ಅವುಗಳ ನಡುವೆ ರಸ್ತೆಗಳನ್ನು ಎಳೆಯಿರಿ. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಗುರುವಾಯನಕೆರೆ, ವೇಣೂರು ಮಾರ್ಗವಾಗಿ ಹೋಗಬಹುದು. ವೇಣೂರಿನ ಹತ್ತಿರ ರಸ್ತೆಗೆ ಮರ ಬಿದ್ದಿದೆ ಎಂದುಕೊಳ್ಳಿ. ಆಗ ಪುಂಜಾಲಕಟ್ಟೆಯಾಗಿ ಬಂಟ್ವಾಳಕ್ಕೆ ಬಂದು, ಅಲ್ಲಿಂದ ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ಸೇರಬಹುದು. ದಾರಿ ಸುತ್ತು, ಆದರೆ ಪ್ರಯಾಣ ನಿಲ್ಲುವುದಿಲ್ಲ. ಕಂಪ್ಯೂಟರ್ ಜಾಲದ ಗುಟ್ಟೂ ಇದೇ.

ನೀವು ಒಂದು ಫೋಟೊ ಕಳುಹಿಸಿದಿರಿ. ಅದು ಇಡಿಯಾಗಿ ಹೋಗುವುದಿಲ್ಲ. 'ಪ್ಯಾಕೆಟ್' ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್‌ಗಳಷ್ಟಿರುತ್ತದೆ. 3 ಮೆಗಾಬೈಟ್‌ನ ಫೋಟೊ ಸುಮಾರು 2 ಸಾವಿರ ಪ್ಯಾಕೆಟ್‌ಗಳಾಗುತ್ತದೆ! ಪ್ರತಿ ಪ್ಯಾಕೆಟ್‌ನಲ್ಲೂ ಕಳುಹಿಸಿದ ಯಂತ್ರದ ವಿಳಾಸ, ತಲುಪಬೇಕಾದ ಯಂತ್ರದ ವಿಳಾಸ ಮತ್ತು ಕ್ರಮ ತಿಳಿಸುವ ಸಂಖ್ಯೆ ಇರುತ್ತವೆ. ದಾರಿಗಳು ಕೂಡುವಲ್ಲಿ 'ರೂಟರ್' ಎಂಬ ಯಂತ್ರ ನಿಂತಿರುತ್ತದೆ. ಅದು ನಮ್ಮ ಊರಿನ ಕೈಕಂಬದಂತೆ ದಾರಿ ತೋರಿಸುತ್ತದೆ. ಒಂದು ವ್ಯತ್ಯಾಸವೆಂದರೆ, ಒಂದು ದಾರಿ ಮುಚ್ಚಿದರೆ ರೂಟರ್ ತಾನೇ ಇನ್ನೊಂದು ದಾರಿಯತ್ತ ಕೈ ತೋರಿಸುತ್ತದೆ. ತುಂಡುಗಳು ಹಿಂದೆ ಮುಂದೆ ತಲುಪಿದರೂ ಆ ಕಡೆಯ ಕಂಪ್ಯೂಟರ್ ಅವುಗಳನ್ನು ಕ್ರಮವಾಗಿ ಜೋಡಿಸುತ್ತದೆ. ಒಂದು ತುಂಡು ಕಳೆದುಹೋದರೆ ಅದನ್ನು ಮಾತ್ರ ಮತ್ತೊಮ್ಮೆ ಕಳುಹಿಸಲಾಗುತ್ತದೆ.

ಈ ಉಪಾಯವನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿಯೇ ಯೋಚಿಸಿದರು. ಕೆಲವು ತಂತಿಗಳು ಕಡಿದರೂ ಸಂದೇಶ ತಲುಪಬೇಕು ಎಂಬುದು ಬ್ಯಾರನ್ ಅವರ ಗುರಿ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲ' ಎಂಬ ಮಾತು ಮತ್ತೆ ಮತ್ತೆ ಕೇಳಿಸುವುದೇಕೆ? ಟವರ್ ಇದ್ದರೆ ಸಾಕೆಂದು ನಾವು ತಿಳಿಯುತ್ತೇವೆ. ಆದರೆ ಮೊಬೈಲಿನಿಂದ ಟವರಿನವರೆಗೆ ಮಾತ್ರ ರೇಡಿಯೊ ಅಲೆ. ಅಲ್ಲಿಂದ ಮುಂದೆ ಕೆಲವೆಡೆ ಟವರಿನಿಂದ ಟವರಿಗೆ ಅಲೆಯಾಗಿಯೂ, ಹೆಚ್ಚಿನ ದೂರವನ್ನು ಆಪ್ಟಿಕಲ್ ಫೈಬರ್ ಎಂಬ ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕಾಗಿಯೂ ಮಾಹಿತಿ ಸಾಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್! ಅಷ್ಟು ವೇಗವಿದ್ದೇನು ಫಲ? ಊರಿಗೆ ಬರುವುದು ಒಂದೇ ತಂತಿಯಾದರೆ, ರಸ್ತೆ ಅಗೆಯುವ ಯಂತ್ರದ ಒಂದು ಏಟಿಗೆ ಎಲ್ಲವೂ ನಿಂತುಹೋಗುತ್ತದೆ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಬೇರೆ ಘಾಟಿ ರಸ್ತೆಗಳು ಇದ್ದುದರಿಂದ ಜನ ಸುತ್ತಿ ಬಳಸಿಯಾದರೂ ಘಟ್ಟ ಹತ್ತಿದರು. ಮಾಹಿತಿಗೂ ಹಾಗೆಯೇ ಎರಡನೆಯ ದಾರಿ ಬೇಡವೇ?

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಈಗಿನ ಭಾರತ್‌ನೆಟ್. ಮೊದಲು ಅದರ ತಂತಿ ಹೆಚ್ಚಾಗಿ ಒಂದೇ ಗೆರೆಯಾಗಿ ಸಾಗಿತ್ತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಬೇಕೆಂದಿದೆ. ಉಂಗುರದಲ್ಲಿ ಒಂದು ಕಡೆ ಕಡಿದರೆ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಇದು ಸರಿಯಾದ ನಿರ್ಧಾರ ಎಂದು ನನ್ನ ಅಭಿಪ್ರಾಯ. ಈ ಉಂಗುರ ಘಟ್ಟದ ಬುಡದ ಕೊನೆಯ ಶಾಲೆಯವರೆಗೂ ಬರಬೇಕು.

'ಎರಡನೆಯ ದಾರಿ ದುಂದುವೆಚ್ಚ, ಮೊದಲು ಎಲ್ಲರಿಗೂ ಒಂದು ದಾರಿ ಸಿಗಲಿ' ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಅರ್ಥವಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಪಾಠಕ್ಕಾಗಿ ಎಷ್ಟೋ ಮಕ್ಕಳು ಗುಡ್ಡ ಹತ್ತಿದರು. ಅವರಿಗೆ ಮೊದಲ ದಾರಿಯೇ ಇರಲಿಲ್ಲ. ಆದರೆ ಮೊದಲ ತಂತಿ ಎಳೆಯುವಾಗಲೇ ಅದರ ತುದಿಯನ್ನು ಪಕ್ಕದ ಊರಿಗೆ ಜೋಡಿಸುವ ಯೋಚನೆ ಇರಲಿ. ಇನ್ನೊಂದು ಮಾತು: ಒಂದೇ ಕಣಿಯಲ್ಲಿ ಎರಡು ತಂತಿ ಹೂತರೆ ಅವು ಎರಡು ದಾರಿಗಳಾಗುವುದಿಲ್ಲ. ಒಂದೇ ಏಟಿಗೆ ಎರಡೂ ಕಡಿಯುತ್ತವೆ. ಇಂದು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲೂ ಸಂಪರ್ಕ ಬೇಕು. ಅದು ಕಡಿದರೆ ನಿಮ್ಮ ಅಜ್ಜಿ ಅಕ್ಕಿಯಿಲ್ಲದೆ ಮರಳಬೇಕಾಗಬಹುದು.

ಮೀನಿನ ಬಲೆಯನ್ನು ನೋಡಿದ್ದೀರಲ್ಲವೇ? ಒಂದು ನೂಲು ಕಡಿದರೂ ಬಲೆ ಬಲೆಯಾಗಿಯೇ ಉಳಿಯುತ್ತದೆ. ಒಂಟಿ ನೂಲನ್ನು ಯಾರೂ ಬಲೆ ಎನ್ನುವುದಿಲ್ಲ. ನಿಮ್ಮ ಊರಿನಲ್ಲಿ ಮಕ್ಕಳ ಗ್ರಾಮ ಸಭೆ ನಡೆದಾಗ ಒಂದು ಪ್ರಶ್ನೆ ಕೇಳಿ: 'ನಮ್ಮ ಶಾಲೆಗೆ ಮಾಹಿತಿ ಬರಲು ಎಷ್ಟು ದಾರಿಗಳಿವೆ?' ಉತ್ತರ 'ಒಂದೇ' ಎಂದಾದರೆ, ಎರಡನೆಯದು ಎಂದು ಬರುತ್ತದೆ ಎಂದೂ ಕೇಳಿ.