ಲೋಪ, ಆಗಮ, ಆದೇಶ

ಪಾಠಶಾಲೆಯನ್ನು ನಾವು ಬಿಟ್ಟು ಎರಡು ವರ್ಷಗಳಾದರೂ ಪಾಠ ಹೇಳುವ ಚಾಳಿಯು ನಮ್ಮನ್ನು ಬಿಟ್ಟಿಲ್ಲ. ಆದುದರಿಂದ ಈ ತಿಂಗಳ ಮಾತನ್ನು ವ್ಯಾಕರಣದಿಂದಲೇ ತೊಡಗಿದರೆ ವಾಚಕರು ಮನ್ನಿಸಬೇಕು. ಎರಡು ಶಬ್ದಗಳು ಕೂಡುವಲ್ಲಿ ಒಂದು ಅಕ್ಷರವು ಬಿಟ್ಟುಹೋದರೆ ಅದು ಲೋಪ. ‘ಊರು’, ‘ಊರು’ ಕೂಡಿ ‘ಊರೂರು’ ಆದಂತೆ. ನಡುವೆ ಹೊಸದೊಂದು ಅಕ್ಷರವು ಬಂದು ನಿಂತರೆ ಅದು ಆಗಮ. ‘ಮರ’, ‘ಅನ್ನು’ ಕೂಡಿ ‘ಮರವನ್ನು’ ಆದಂತೆ. ಇದ್ದ ಅಕ್ಷರವು ಹೋಗಿ ಅದರ ಎಡೆಯಲ್ಲಿ ಮತ್ತೊಂದು ಬಂದರೆ ಅದು ಆದೇಶ. ‘ಮಳೆ’, ‘ಕಾಲ’ ಕೂಡಿ ‘ಮಳೆಗಾಲ’ ಆದಂತೆ. ಇಷ್ಟನ್ನು ನಾವು ಮೂವತ್ತು ವರ್ಷಗಳ ಕಾಲ ಹುಡುಗರಿಂದ ಬಾಯಿಪಾಠ ಮಾಡಿಸಿದೆವು. ಈ ಮೂರು ಮಾತುಗಳಿಗೆ ಮನುಷ್ಯರ ಬಾಳಿನಲ್ಲಿಯೂ ಅರ್ಥವುಂಟೆಂಬುದು ನಮಗೆ ತಿಳಿದುದು ಮಾತ್ರ ಕಳೆದ ವರ್ಷ, ನಮ್ಮ ಬೀದಿಯ ಭಜನಾಮಂಡಲಿಯಲ್ಲಿ.

ಹೊಸಪೇಟೆಯ ನಮ್ಮ ಬೀದಿಯಲ್ಲಿ ಹನುಮಂತದೇವರ ಸಣ್ಣ ಗುಡಿಯೊಂದುಂಟು. ಅಲ್ಲಿ ಶನಿವಾರ ಸಂಜೆ ಏಳೆಂಟು ಮಂದಿ ಕೂಡಿ ದಾಸರ ಪದಗಳನ್ನು ಹಾಡುವುದು ಬಹುಕಾಲದಿಂದ ನಡೆದು ಬಂದಿದೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತು ಇಪ್ಪತ್ತು ವರ್ಷಗಳಿಗೂ ಹೆಚ್ಚಾಗಿ ನಮ್ಮನ್ನು ನಡೆಸಿದ ಹಿರಿಯರು ಕಳೆದ ವೈಶಾಖದಲ್ಲಿ ತೀರಿಕೊಂಡರು. ಅವರು ಸಂಗೀತವಿದ್ವಾಂಸರಲ್ಲ, ಕಿರಾಣಿ ಅಂಗಡಿಯವರು. ಆದರೆ ಯಾವ ಪದವನ್ನೂ ಎರಡು ವಾರ ಒಂದೇ ಬಗೆಯಾಗಿ ಹಾಡಿದವರಲ್ಲ. ಕುಳಿತವರ ಮುಖವನ್ನು ನೋಡುವರು. ಜನರು ದಣಿದಿದ್ದರೆ ಪಲ್ಲವಿಯನ್ನು ಬೇಗನೆ ಮುಗಿಸುವರು. ಮನಸ್ಸು ಕರಗಿದ್ದರೆ ಒಂದೇ ನುಡಿಯನ್ನು ಹತ್ತು ಬಗೆಯಾಗಿ ತಿರುಗಿಸಿ ನಮ್ಮನ್ನೆಲ್ಲಾ ಎಲ್ಲಿಗೋ ಕೊಂಡೊಯ್ದು ಕ್ಷೇಮವಾಗಿ ಮರಳಿ ತರುವರು.

ಅವರು ಹೋದ ಮೇಲೆ ನಾವು ಮಾಡಿದ ಮೊದಲನೆಯ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮಲ್ಲಿ ಒಬ್ಬರ ಮೊಬೈಲಿನಲ್ಲಿ ಅವರ ಹಾಡಿಕೆಯು ಧ್ವನಿಮುದ್ರಿತವಾಗಿತ್ತು. ಅದನ್ನು ದೇವರ ಮುಂದೆ ಇಟ್ಟು, ಅದರೊಡನೆ ನಾವು ತಾಳ ಹಾಕಿ ಹಾಡತೊಡಗಿದೆವು. ಈ ಯೋಚನೆಯು ನಮ್ಮದೇ. ಕಂಠವು ಅವರದೇ, ಪೆಟ್ಟಿಗೆಯ ನಾದವು ಅವರದೇ. ಆದರೂ ಏನೋ ಕೆಟ್ಟಿತು. ಒಬ್ಬರು ಕೆಮ್ಮಿದರೆ ಅದು ಕಾಯಲಿಲ್ಲ. ಡೋಲಕ್ಕಿನವನು ಉತ್ಸಾಹದಿಂದ ಲಯವನ್ನು ಏರಿಸಿದರೆ ಅದು ಅವನೊಡನೆ ಏರಲಿಲ್ಲ. ಬದುಕಿದ್ದಾಗ ನಮ್ಮೆಲ್ಲರಿಗೂ ಕಿವಿಗೊಡುತ್ತಿದ್ದವರು ಈಗ ಯಾರಿಗೂ ಕಿವಿಗೊಡದವರಾದರು. ಗುಡಿಯ ಎದುರಿನ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ಅವರ ಹೆಂಡತಿಯು ಮೂರನೆಯ ವಾರ ಎದ್ದು ಒಳಗೆ ಹೋದರು. ನಾಲ್ಕನೆಯ ವಾರ ಹೊರಗೆ ಬರಲೇ ಇಲ್ಲ.

ಆ ದಿನಗಳಲ್ಲಿ ಬೆಂಗಳೂರಿನಿಂದ ನಮ್ಮ ತಂಗಿಯ ಮಗನು ಬಂದಿದ್ದನು. ಅವನು ಕಚೇರಿಯ ಕೆಲಸವು ಮುಗಿದ ಮೇಲೆ ಗೆಳೆಯರೊಡನೆ ಗಿಟಾರು ಬಾರಿಸುವವನು. ನಮ್ಮ ಕಥೆಯನ್ನು ಕೇಳಿ, “ಮಾವ, ಇದು ನಿಮ್ಮ ಗುಡಿಗೆ ಮಾತ್ರ ಬಂದ ಕಷ್ಟವಲ್ಲ” ಎಂದು ಅಮೆರಿಕ ದೇಶದ ಕೆಲವು ಮೇಳಗಳ ವೃತ್ತಾಂತವನ್ನು ಹೇಳಿದನು. ಅವುಗಳಿಗೆ ಅಲ್ಲಿ ಜ್ಯಾಮ್ ಬ್ಯಾಂಡ್ ಎಂದು ಹೆಸರು. ಹಾಡು ಗೊತ್ತಾದುದೇ, ಆದರೆ ಅದನ್ನು ಬೆಳೆಸುವ ಬಗೆಯು ಆ ರಾತ್ರಿಯದು. ನಮ್ಮಲ್ಲಿ ಮನೋಧರ್ಮವೆನ್ನುವುದನ್ನು ಅವರು ನಾಲ್ಕಾರು ಮಂದಿ ಕೂಡಿ ಒಟ್ಟಿಗೆ ಮಾಡುವರು. ಅಂಥ ಮೇಳದಲ್ಲಿ ಗಿಟಾರಿನವನು ಹೋದರೆ, ಹೋಗುವುದು ಒಂದು ವಾದ್ಯವಲ್ಲ. ಉಳಿದವರು ಯಾರ ಮಾತಿಗೆ ಉತ್ತರ ಕೊಡುತ್ತಿದ್ದರೋ ಆ ಮಾತೇ ನಿಂತುಹೋಗುವುದು.

ಅವನು ಹೇಳಿದ ಮೂರು ಮೇಳಗಳು ನಮ್ಮ ಮೂರು ಸಂಧಿಗಳಿಗೆ ಉದಾಹರಣೆಗಳಂತೆ ತೋರಿದವು.

ಮೊದಲನೆಯದು ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಮೂವತ್ತು ವರ್ಷ ಬಾಳಿತು. 1995ನೆಯ ಆಗಸ್ಟ್ 9ರಂದು ಗಿಟಾರು ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳಲು, ಉಳಿದವರು ಅದೇ ವರ್ಷದ ಡಿಸೆಂಬರಿನಲ್ಲಿ ಆ ಹೆಸರನ್ನೇ ಕೈಬಿಟ್ಟರು. ಇದು ಲೋಪ. ಆದರೆ ಪ್ರತ್ಯಯವು ಲೋಪವಾದರೂ ಅದು ಮಾಡಬೇಕಾದ ಕಾರ್ಯವು ನಿಲ್ಲದೆಂದು ಪಾಣಿನಿಯು ವಿಧಿಸಿರುವನಷ್ಟೆ. ಹಾಗೆಯೇ ಉಳಿದವರು ಬೇರೆ ಬೇರೆ ಹೆಸರಿನ ಮೇಳಗಳನ್ನು ಕಟ್ಟಿ, ಬೇರೆ ಗಿಟಾರಿನವರನ್ನು ಕರೆದುಕೊಂಡು, ಆ ಹಾಡುಗಳನ್ನು ಹಾಡುತ್ತಲೇ ಬಂದರು. ಹೆಸರು ಕಾಣದು, ಕಾರ್ಯವು ಕಾಣುವುದು.

ಎರಡನೆಯದು 1969ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಆಲ್ಮನ್ ಬ್ರದರ್ಸ್ ಮೇಳ. ಇಲ್ಲಿ ಎರಡು ಗಿಟಾರುಗಳು. ಡ್ವೇನ್ ಆಲ್ಮನ್ ಒಂದು ಸ್ವರವನ್ನು ಹಿಡಿದರೆ ಡಿಕ್ಕಿ ಬೆಟ್ಸ್ ಅದಕ್ಕೆ ಸಂವಾದಿಯನ್ನು ಹಿಡಿದು, ಇಬ್ಬರೂ ಜೋಡಿಯೆತ್ತುಗಳಂತೆ ಸಾಗುವರು. 1971ನೆಯ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್ ನಗರದಲ್ಲಿ ಡ್ವೇನ್ ಮೋಟಾರು ಬೈಸಿಕಲ್ಲಿನ ಅಪಘಾತಕ್ಕೆ ಸಿಕ್ಕಿ ಸತ್ತನು. ಆಗ ಅವನಿಗೆ ಇಪ್ಪತ್ತನಾಲ್ಕೇ ವರ್ಷ. ಗೆಳೆಯರು ಅವನ ಜಾಗಕ್ಕೆ ಮತ್ತೊಬ್ಬ ಗಿಟಾರಿನವನನ್ನು ತರಲಿಲ್ಲ. ಐವರೇ ಕೆಲವು ಕಾಲ ನುಡಿಸಿದರು. 1972ರಲ್ಲಿ ಚಕ್ ಲೆವೆಲ್ ಎಂಬ ಇಪ್ಪತ್ತು ವರ್ಷದ ಪಿಯಾನೋ ವಾದಕನನ್ನು ಕರೆದುಕೊಂಡರು. ಬೆಟ್ಸನ ತಂತಿಗೆ ಈಗ ತಂತಿಯು ಉತ್ತರ ಕೊಡದೆ ಪಿಯಾನೋವಿನ ಮನೆಗಳು ಉತ್ತರ ಕೊಟ್ಟವು. ಅದೇ ವರ್ಷದ ನವೆಂಬರಿನಲ್ಲಿ, ಅದೇ ಊರಿನಲ್ಲಿ, ಅದೇ ಬಗೆಯ ಅಪಘಾತದಲ್ಲಿ ಮಂದ್ರತಂತಿಯ ಬೆರ್ರಿ ಓಕ್ಲೆಯೂ ಸತ್ತನು. ಇಷ್ಟಾಗಿಯೂ 1973ರಲ್ಲಿ ಅವರು ಹೊರತಂದ ‘ಜೆಸ್ಸಿಕಾ’ ಎಂಬ ವಾದ್ಯಕೃತಿಯು ಉಲ್ಲಾಸದಿಂದ ತುಂಬಿರುವುದು. ಜೊತೆಯವನಾಗಿದ್ದ ಬೆಟ್ಸ್ ಮುಂದಾಳಾಗಬೇಕಾಯಿತು. ಅವನಿಗೆ ಪ್ರಿಯವಾದ ಹಳ್ಳಿಗಾಡಿನ ಧಾಟಿಯು ಮೇಳದಲ್ಲಿ ಹೆಚ್ಚಿತು. ಇದು ಆಗಮ.

ಮೂರನೆಯದು ಜಾರ್ಜಿಯಾ ಪ್ರಾಂತದ ಅಥೆನ್ಸ್ ಊರಿನ ವೈಡ್‌ಸ್ಪ್ರೆಡ್ ಪ್ಯಾನಿಕ್. ‘ಪ್ಯಾನಿಕ್’ ಎಂದರೆ ದಿಗಿಲು. ಮೊದಲ ಗಿಟಾರಿನವನಾದ ಮೈಕೆಲ್ ಹೌಸರನಿಗೆ ಆಗಾಗ್ಗೆ ದಿಗಿಲು ಹತ್ತುತ್ತಿದ್ದುದರಿಂದ ಅವನಿಗೆ ಬಂದ ಅಡ್ಡಹೆಸರೇ ಮೇಳದ ಹೆಸರಾಯಿತು. ಅವನು ಕುಳಿತುಕೊಂಡೇ ನುಡಿಸುವವನು. ಸ್ವರವನ್ನು ಎಳೆದು ನಿಲ್ಲಿಸಿ ಉಳಿದ ವಾದ್ಯಗಳ ಹಿಂದೆ ಮಂಜಿನಂತೆ ಹರಡುವುದು ಅವನ ರೀತಿ. 2002ನೆಯ ಆಗಸ್ಟ್ 10ರಂದು, ನಲವತ್ತನೆಯ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಅವನು ತೀರಿಕೊಂಡನು. ಮೇಳವು ನಿಲ್ಲಬಾರದೆಂಬುದೇ ಅವನ ಇಚ್ಛೆಯಾಗಿತ್ತು. ಆದುದರಿಂದ ಅವನ ಸ್ಥಾನಕ್ಕೆ ಜಾರ್ಜ್ ಮೆಕಾನೆಲ್ ಎಂಬವನು ಬಂದನು. 2006ರಲ್ಲಿ ಅವನು ಬಿಡಲು ಜಿಮ್ಮಿ ಹೆರಿಂಗ್ ಬಂದನು. ಹೆರಿಂಗನದು ಚುರುಕಾದ ಬೆರಳು, ಸ್ವರದ ಮೇಲೆ ಸ್ವರವನ್ನು ಪೋಣಿಸುವ ರೀತಿ. ಮಂಜು ಇದ್ದಲ್ಲಿ ಮಳೆ ಬಂದಂತಾಯಿತು. ಹಳಬರಾದ ಕೇಳುಗರಲ್ಲಿ ಕೆಲವರು ಇಂದಿಗೂ ಮಂಜನ್ನೇ ನೆನೆಯುವರಂತೆ. ಇದು ಆದೇಶ.

ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕೂರುವುದು, ಆದೇಶವು ಶತ್ರುವಿನಂತೆ ಇದ್ದವನನ್ನು ಎಬ್ಬಿಸಿ ತಾನು ಕೂರುವುದು ಎಂದು ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಸತ್ತವರ ಸ್ಥಾನಕ್ಕೆ ಬಂದವರು ಯಾವ ತಪ್ಪನ್ನೂ ಮಾಡದೆಯೇ ಜನರ ಮುನಿಸಿಗೆ ಗುರಿಯಾಗುವುದೇಕೆಂಬುದು ಈ ಒಂದು ಮಾತಿನಲ್ಲಿ ಅಡಗಿದೆ.

ಇದನ್ನೆಲ್ಲಾ ಕೇಳಿದ ರಾತ್ರಿ ನಮಗೆ ನೆನಪಾದುದು ದೂರದ ಅಮೆರಿಕವಲ್ಲ. ಸೊಂಡೂರು ತಾಲ್ಲೂಕಿನ ದರೋಜಿ. ಕರಡಿಧಾಮದಿಂದ ಈಗ ಹೆಸರಾಗಿರುವ ಆ ಊರಿಗೆ ಅದಕ್ಕಿಂತ ದೊಡ್ಡ ಹೆಸರನ್ನು ತಂದವರು ಬುರ್ರಕಥಾ ಈರಮ್ಮನವರು. 1930ರಲ್ಲಿ ಬುಡ್ಗ ಜಂಗಮರೆಂಬ ಅಲೆಮಾರಿ ಜನರಲ್ಲಿ ಹುಟ್ಟಿದ ಈ ತಾಯಿಗೆ ಅಕ್ಷರವು ಬಾರದು. ಆದರೆ ಬಾಲನಾಗಮ್ಮ, ಕುಮಾರರಾಮ ಮೊದಲಾದ ಹನ್ನೆರಡು ದೀರ್ಘ ಕಥನಗಳು ಅವರ ನಾಲಗೆಯ ಮೇಲಿದ್ದವು. ಅಚ್ಚು ಮಾಡಿದರೆ ಏಳು ಸಾವಿರ ಪುಟಗಳಾಗುವುವೆಂದು ಎಣಿಸಿದವರುಂಟು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯೂ ಅವರಿಗೆ ಸಂದವು. 2014ನೆಯ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಬುರ್ರಕಥೆಯೆಂಬುದು ಒಬ್ಬರಿಂದ ಆಗುವ ಕೆಲಸವಲ್ಲ. ನಡುವೆ ಕಥೆಗಾರರು, ಅವರ ಹೆಗಲಿನಲ್ಲಿ ತಂಬೂರಿ. ಎರಡು ಪಕ್ಕದಲ್ಲಿ ಚರ್ಮವಾದ್ಯ ಹಿಡಿದ ಇಬ್ಬರು. ಇವರು ಸೊಲ್ಲನ್ನು ಎತ್ತಿಕೊಂಡು ಹಾಡುವರು, ನಡುವೆ ಪ್ರಶ್ನೆ ಹಾಕುವರು, ಕಥೆಯನ್ನು ಮುಂದಕ್ಕೆ ನೂಕುವರು. ಈರಮ್ಮನವರೊಡನೆ ಅವರ ತಂಗಿ ಶಿವಮ್ಮನವರೂ ನಾದಿನಿ ಪಾರ್ವತಮ್ಮನವರೂ ಹಾಡುತ್ತಿದ್ದರು. ಹಾಡಿನ ನಡುವೆ ಬಾಲ್ಯವಿವಾಹದ ಕೇಡನ್ನೂ ಓದುಬರಹದ ಲಾಭವನ್ನೂ ಸೇರಿಸಿ ಹೇಳುವುದು ಅವರ ಪದ್ಧತಿಯಾಗಿತ್ತು. ಅಂದರೆ ಕಥೆಯು ಹಳೆಯದಾದರೂ ಮಾತು ಎದುರಿಗೆ ಕುಳಿತವರಿಗಾಗಿಯೇ ಹುಟ್ಟುವುದು.

ಇಂಥ ಮೇಳದಲ್ಲಿ ನಡುವಿನ ತಂಬೂರಿಯು ನಿಂತರೆ ಏನಾಗುವುದು? ಪಂಡಿತರು ಕೇಳಿ ಬರೆದಿಟ್ಟ ಮಾತುಗಳು ಉಳಿಯುವುವು. ಯಂತ್ರವು ಹಿಡಿದಿಟ್ಟ ಧ್ವನಿಯು ಉಳಿಯುವುದು. ಅದು ದೊಡ್ಡ ಉಪಕಾರವೇ ಸರಿ. ಆದರೆ ಕಥೆಯನ್ನು ಸಭೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಿದ್ದ ವಿವೇಕವನ್ನು ಪುಸ್ತಕವು ಹಿಡಿಯಲಾರದು; ಅದನ್ನು ಮತ್ತೊಬ್ಬ ಮನುಷ್ಯರೇ ಹಿಡಿಯಬೇಕು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಲಕ್ಷಿಸಬೇಕು. ಈರಮ್ಮನವರು ಈ ವಿದ್ಯೆಯನ್ನು ಹನ್ನೆರಡನೆಯ ವಯಸ್ಸಿನಿಂದ ತಂದೆ ಲಾಲಪ್ಪನವರ ಬಳಿ ಕಲಿತವರು. ಅಂದರೆ ನಾವು ಮೂಲವೆಂದು ಕೈಮುಗಿಯುವ ಈರಮ್ಮನವರೂ ಒಂದು ಕಾಲದಲ್ಲಿ ಹಿಂದಿನವರ ಸ್ಥಾನಕ್ಕೆ ಬಂದ ಆದೇಶವೇ. ಹಿಂದಿನವರ ಕಂಠವನ್ನು ಕೇಳಿದ್ದ ಮುದುಕರು ಅಂದು, ‘ಇದು ಅದಲ್ಲ’ ಎಂದು ತಲೆಯಾಡಿಸಿರಲಾರರೇ? ಈರಮ್ಮನವರು ತಂದೆಯ ಕಂಠವನ್ನು ಅನುಕರಿಸುತ್ತಲೇ ಕುಳಿತಿದ್ದರೆ ನಮಗೆ ಈರಮ್ಮನವರು ಸಿಕ್ಕುತ್ತಿರಲಿಲ್ಲ.

ಮರುದಿನ ನಾವು ಗತಿಸಿದ ಹಿರಿಯರ ಮನೆಗೆ ಹೋದೆವು. ಆ ತಾಯಿಯು ಕಾಫಿಯನ್ನು ತಂದಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಮೇಷ್ಟ್ರೇ, ತಪ್ಪು ತಿಳೀಬ್ಯಾಡ್ರಿ. ಆ ಮೊಬೈಲಿನಾಗ ಅವರು ಹಾಡೋದು ಕೇಳಿದ್ರೆ, ಊಟಕ್ಕೆ ಏಳ್ರಿ ಅಂತ ಕರೀಬೇಕು ಅನ್ನಿಸ್ತದ. ಕರೆದ್ರೆ ಅವರು ಬರಂಗಿಲ್ಲ. ನಿಮ್ಮ ಹಾಡು ನೀವು ಹಾಡ್ರಿ, ನಾನು ಬಂದು ಕುಂದುರ್ತೀನಿ” ಎಂದರು. ನಮಗೆ ಉತ್ತರವು ಹೊರಡಲಿಲ್ಲ.

ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳೊಬ್ಬಳುಂಟು. ಅಜ್ಜನ ಪಕ್ಕದಲ್ಲಿ ಕುಳಿತು ಪೆಟ್ಟಿಗೆಯನ್ನು ನುಡಿಸಲು ಕಲಿತವಳು. ಅವಳನ್ನು ಕರೆಯೋಣವೆಂದು ಡೋಲಕ್ಕಿನವನು ಹಿಂದೆಯೇ ಹೇಳಿದ್ದನು. ಬೇಡವೆಂದವರು ನಾವೇ, ‘ಹುಡುಗಿಯ ಶ್ರುತಿಗೆ ಗಂಡಸರ ಕಂಠವು ಕೂಡದು’ ಎಂಬುದು ನಾವು ಕೊಟ್ಟ ಕಾರಣ. ನಿಜವಾದ ಕಾರಣವು ಬೇರೆ: ಆ ಪೆಟ್ಟಿಗೆಯ ಮುಂದೆ ಮತ್ತೊಂದು ಮುಖವನ್ನು ನೋಡಲು ನಮಗೆ ಮನಸ್ಸಿರಲಿಲ್ಲ. ಈಗ ನಾವೇ ಹೋಗಿ, “ಬಾರಮ್ಮ, ಶನಿವಾರ ನೀನು ಬಂದು ಕೂತುಕೋ” ಎಂದು ಕರೆದೆವು.

ಶ್ರುತಿಯು ಏರಿದುದು ನಿಜ. ಅವಳ ಮೇಲಿನ ಸ್ಥಾಯಿಯು ನಮಗೆ ನಿಲುಕಲಿಲ್ಲ. ಮೊದಲ ವಾರ ಹಾಡು ಅಲ್ಲಲ್ಲಿ ಹರಿಯಿತು. ಎರಡನೆಯ ವಾರ ನಾವು ಕೆಳಗಿನ ಸ್ಥಾಯಿಯಲ್ಲಿ ಒಂದು ಸಾಲನ್ನು ಹೇಳಿ ನಿಲ್ಲಿಸಿದರೆ, ಅವಳು ಮೇಲಿನಿಂದ ಅದಕ್ಕೆ ಉತ್ತರ ಕೊಟ್ಟಳು. ಹೀಗೆ ಮಾಡೋಣವೆಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿ ಆಯಿತು. ಇಪ್ಪತ್ತು ವರ್ಷ ಎಲ್ಲರೂ ಒಟ್ಟಿಗೆ ಹಾಡುತ್ತಿದ್ದ ಪದಗಳು ಈಗ ಪ್ರಶ್ನೋತ್ತರಗಳಾಗಿವೆ. ಮುಕ್ತಾಯವನ್ನು ಹಿಂದೆ ಅಜ್ಜನ ಕಣ್ಣು ಸೂಚಿಸುತ್ತಿತ್ತು. ಈಗ ಡೋಲಕ್ಕಿನವನು ಸೂಚಿಸುವನು. ಇಷ್ಟು ವರ್ಷ ಹಿಂದೆ ಕುಳಿತಿದ್ದ ಅವನಲ್ಲಿ ಅಂಥ ಅಧಿಕಾರವಿತ್ತೆಂಬುದು ನಮಗೆ ಗೊತ್ತೇ ಇರಲಿಲ್ಲ.

ಆದೇಶವಾಗಿ ಬಂದುದು ತಾನು ಯಾವುದರ ಸ್ಥಾನಕ್ಕೆ ಬಂದಿತೋ ಅದರ ಅಧಿಕಾರವನ್ನೆಲ್ಲಾ ಪಡೆಯುವುದು. ಆದರೆ ಮೂಲದ ಅಕ್ಷರವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಮಾತ್ರ ಅದು ಮೂಲದಂತೆ ಅಲ್ಲವೆಂದು ಪಾಣಿನಿಯು ಎಚ್ಚರಿಕೆ ಕೊಟ್ಟಿರುವನು. ಇದನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೆವು, ಅರ್ಥವಾದುದು ಈಗ. ಹೊಸಬರಿಗೆ ಹಳಬರ ಪೀಠವನ್ನು ಪೂರ್ತಿಯಾಗಿ ಕೊಡಬೇಕು. ಹಳಬರ ಧ್ವನಿಯನ್ನು ಮಾತ್ರ ಅವರಿಂದ ಕೇಳಬಾರದು. ಅಂಗಡಿಯನ್ನು ನಡೆಸತೊಡಗಿದ ಮಗನಿಗೂ, ಅತ್ತೆಯ ಅಡಿಗೆಮನೆಗೆ ಬಂದ ಸೊಸೆಗೂ, ನಮ್ಮ ಪಾಠಶಾಲೆಯಲ್ಲಿ ನಮ್ಮ ಕುರ್ಚಿಯ ಮೇಲೆ ಈಗ ಕುಳಿತಿರುವ ತರುಣ ಉಪಾಧ್ಯಾಯರಿಗೂ ಇದು ಸಲ್ಲುವುದು.

ಆ ತಾಯಿಯು ಈಗ ಶನಿವಾರದ ಸಂಜೆ ಜಗಲಿಗೆ ಬಂದು ಕೂರುವರು. ಕಳೆದ ವಾರ ಮೊಮ್ಮಗಳು ಒಂದು ಪದದ ನಡುವೆ ದಾರಿ ತಪ್ಪಿದಳು. ನಾವು ಕಾದೆವು, ಅವಳು ನಗುತ್ತಾ ಮರಳಿ ಬಂದಳು. ಮಂಗಳಾರತಿಯಾದ ಮೇಲೆ ಅಜ್ಜಿಯು ಅವಳನ್ನು ಕರೆದು, “ಏಳವ್ವ, ಊಟಕ್ಕೆ ಹೊತ್ತಾತು” ಎಂದರು. ಅವಳು ಎದ್ದು ಹೋದಳು.